ಮೂಗಿನ ಪಕ್ಕದ ಮಾಯದ ಹುಣ್ಣು, ಮೈಮೇಲೆ ಹತ್ತಾರು ಕಲೆ: ವಯಸ್ಸಾದವರಲ್ಲಿ ಯಾವುದಕ್ಕೆ ಬಯಾಪ್ಸಿ ಬೇಕು?

ಪ್ರಶ್ನೆ: ತಂದೆಯ ಆರೈಕೆ ಮಾಡುತ್ತಿರುವ ಮಗಳು

ನಮ್ಮ ತಂದೆಗೆ ಈಗ 78 ವರ್ಷ. ದುಡಿಮೆಯ ಕಾಲವನ್ನೆಲ್ಲ ಬಿಸಿಲಿನಲ್ಲೇ ಕಳೆದವರು. ಕೆಲವು ತಿಂಗಳಿಂದ ಅವರ ಮೂಗಿನ ಪಕ್ಕದಲ್ಲಿ ಒಂದು ಸಣ್ಣ ಗಂಟು ಕಾಣಿಸಿಕೊಂಡಿದೆ. ಅದರ ಮೇಲೆ ಹಕ್ಕಳೆ ಕಟ್ಟುತ್ತದೆ, ಮುಖ ಒರೆಸಿಕೊಳ್ಳುವಾಗ ಹಕ್ಕಳೆ ಕಿತ್ತು ಬಂದು ಒಂದೆರಡು ಹನಿ ರಕ್ತ ಜಿನುಗುತ್ತದೆ, ಒಣಗಿತು ಎನ್ನುವಷ್ಟರಲ್ಲಿ ಮತ್ತೆ ಹಕ್ಕಳೆ ಕಟ್ಟಿರುತ್ತದೆ. ನೋವಿಲ್ಲ ಎನ್ನುತ್ತಾರೆ. ಇದಲ್ಲದೆ ಹಣೆ ಮತ್ತು ಕಿವಿಗಳ ಮೇಲೆ ಒರಟು ಕಲೆಗಳಿವೆ, ಬೆನ್ನಿನ ತುಂಬ ಕಂದು ಬಣ್ಣದ ಗಂಟುಗಳಿವೆ. ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ ಎಂದು ನೋಡಿದವರೆಲ್ಲ ಹೇಳುತ್ತಾರೆ. ಇವುಗಳಲ್ಲಿ ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಹಾಗೆಯೇ ಬಿಡಬಹುದು? ವೈದ್ಯರಿಗೆ ಕಣ್ಣಿನಿಂದ ನೋಡಿದರೆ ತಿಳಿಯುತ್ತದೆಯೇ, ಅಥವಾ ತುಂಡು ತೆಗೆದು ಪರೀಕ್ಷಿಸಲೇಬೇಕೇ? ಹೃದಯದ ತೊಂದರೆಗಾಗಿ ಅವರು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವುದರಿಂದ ಬಯಾಪ್ಸಿ ಎಂದರೆ ನನಗೆ ಭಯವಾಗುತ್ತದೆ.

ಉತ್ತರ: ಚರ್ಮರೋಗ ತಜ್ಞೆ

ಬರೆದ ವಿವರಣೆಯನ್ನು ಓದಿ ರೋಗ ಇಂಥದೇ ಎಂದು ಹೇಳಲಾಗದು, ಹೇಳಲೂಬಾರದು. ಆದರೆ ನೀವು ಬರೆದಿರುವ ಕ್ರಮವಿದೆಯಲ್ಲ, ಹಕ್ಕಳೆ ಕಟ್ಟಿ, ಉದುರಿ, ರಕ್ತ ಜಿನುಗಿ, ವಾಸಿಯಾದಂತೆ ಕಂಡು, ಅದೇ ಜಾಗದಲ್ಲಿ ಮರುಕಳಿಸುವುದು, ಅದು ಬೇಸಲ್ ಸೆಲ್ ಕಾರ್ಸಿನೋಮದ ಬಹಳ ಹಳೆಯ ಗುರುತು. 1827ರಲ್ಲಿ ಡಬ್ಲಿನ್ನಿನ ವೈದ್ಯ ಆರ್ಥರ್ ಜೇಕಬ್ ಕಣ್ಣಿನ ರೆಪ್ಪೆ ಮತ್ತು ಮುಖದ ಮೇಲೆ ನಿಧಾನವಾಗಿ ಹರಡುತ್ತ ಅಂಗಾಂಶವನ್ನು ತಿನ್ನುವ ಹುಣ್ಣೊಂದನ್ನು ವರ್ಣಿಸಿದ್ದರು. ಅದು ಇದೇ ರೋಗ. ಮನುಷ್ಯರಲ್ಲಿ ಅತಿ ಹೆಚ್ಚಾಗಿ ಕಾಣುವ ಚರ್ಮದ ಕ್ಯಾನ್ಸರ್ ಇದು. ದೇಹದ ಬೇರೆ ಅಂಗಗಳಿಗೆ ಹರಡುವುದು ತೀರ ಅಪರೂಪ, ಆದರೆ ಇದ್ದ ಜಾಗದಲ್ಲೇ ಆಳಕ್ಕೆ ಇಳಿದು ಮೂಗಿನ ಮೃದ್ವಸ್ಥಿಯನ್ನೋ ಕಣ್ಣಿನ ಮೂಲೆಯನ್ನೋ ಹಾಳುಮಾಡುತ್ತದೆ. ಆದ್ದರಿಂದ ನಾಲ್ಕರಿಂದ ಆರು ವಾರ ಕಳೆದರೂ ಮಾಯದ ಹುಣ್ಣು ವಯಸ್ಸಾದವರ ಮುಖದ ಮೇಲಿದ್ದರೆ ಅದನ್ನು ಬೇರೆ ಏನೋ ಎಂದು ಸಾಬೀತಾಗುವವರೆಗೆ ಕ್ಯಾನ್ಸರ್ ಗಡ್ಡೆಯೆಂದೇ ಭಾವಿಸಿ ಪರೀಕ್ಷಿಸಬೇಕು. ನಿಮ್ಮ ತಂದೆಯವರ ಮೂಗಿನ ಪಕ್ಕದ ಗಂಟನ್ನು ತಡಮಾಡದೆ ತೋರಿಸಿ.

ಹತ್ತಿರದಿಂದ ನೋಡುವಾಗ ನಾವು ಹುಡುಕುವುದು ಮುತ್ತಿನಂತಹ ಹೊಳಪು, ಸ್ವಲ್ಪ ಉಬ್ಬಿದ ಅಂಚು, ಅದರ ಮೇಲೆ ಹರಡಿದ ಸಣ್ಣ ರಕ್ತನಾಳಗಳು, ನಡುವೆ ಕುಳಿ. ಚರ್ಮವನ್ನು ಬೆರಳುಗಳಿಂದ ಎರಡೂ ಬದಿಗೆ ಎಳೆದು ಹಿಡಿದರೆ ಈ ಅಂಚು ಸ್ಪಷ್ಟವಾಗುತ್ತದೆ. ಎಲ್ಲ ಬಗೆಗಳೂ ಹೀಗೆ ಕಾಣುವುದಿಲ್ಲ ಎಂಬುದೇ ತೊಡಕು. ಒಂದು ಬಗೆ ಚಪ್ಪಟೆಯಾಗಿ, ಬಿಳಿಚಿಕೊಂಡು, ಗಾಯವೇ ಆಗದ ಜಾಗದಲ್ಲಿ ಹಳೆಯ ಗಾಯದ ಗುರುತಿನಂತೆ ಇರುತ್ತದೆ. ಅದರ ಅಂಚು ಕಣ್ಣಿಗೆ ಕಂಡದ್ದಕ್ಕಿಂತ ಬಹಳ ದೂರದವರೆಗೆ ಚರ್ಮದಡಿ ಹಬ್ಬಿರುವುದರಿಂದ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅದಕ್ಕೆ. ಇನ್ನೊಂದು ಬಗೆ ಎದೆ ಅಥವಾ ಬೆನ್ನಿನ ಮೇಲೆ ತೆಳುವಾದ ಕೆಂಪು ಕಲೆಯಾಗಿದ್ದು ಇಸುಬೆಂದು ತಪ್ಪು ತಿಳಿಯಲಾಗುತ್ತದೆ.

ಹಣೆ ಮತ್ತು ಕಿವಿಯ ಮೇಲಿನ ಒರಟು ಕಲೆಗಳು ಆಕ್ಟಿನಿಕ್ ಕೆರಟೋಸಿಸ್ ಆಗಿರಬಹುದು. ಅವು ಕಣ್ಣಿಗಿಂತ ಬೆರಳಿಗೆ ಮೊದಲು ಸಿಗುತ್ತವೆ. ಸವರಿದರೆ ಮರಳು ಕಾಗದವನ್ನು ಮುಟ್ಟಿದಂತಿರುತ್ತದೆ. ಹತ್ತಾರು ವರ್ಷಗಳ ನೇರಳಾತೀತ ಕಿರಣಗಳಿಂದ ಜೀವಕೋಶಗಳ ಡಿಎನ್‌ಎಗೆ ಆದ ಹಾನಿ, ಅದರಲ್ಲೂ ಕೆಟ್ಟ ಕೋಶಗಳ ಬೆಳವಣಿಗೆಯನ್ನು ತಡೆಯುವ ಪಿ53 ಜೀನಿಗೆ ಆದ ಹಾನಿ ಇದರ ಮೂಲ. ಇವುಗಳಲ್ಲಿ ಒಂದೊಂದು ಕಲೆಯೂ ಕ್ಯಾನ್ಸರ್ ಆಗುವ ಸಂಭವ ವರ್ಷಕ್ಕೆ ತೀರ ಕಡಿಮೆ, ಕೆಲವು ತಾವಾಗಿಯೇ ಮಾಯವಾಗುತ್ತವೆ. ಆದರೆ ಹಲವು ಕಲೆಗಳಿರುವುದೆಂದರೆ ಆ ಇಡೀ ಚರ್ಮವೇ ಹಾನಿಗೊಂಡಿದೆ ಎಂದರ್ಥ, ಮತ್ತು ಅವುಗಳ ನಡುವಿನಿಂದಲೇ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ. ಒಂದು ಕಲೆ ದಪ್ಪಗಾದರೆ, ಬುಡ ಗಟ್ಟಿಯಾದರೆ, ಒತ್ತಿದಾಗ ನೋವಾದರೆ, ರಕ್ತ ಬಂದರೆ, ಅಥವಾ ಚಿಕಿತ್ಸೆ ಕೊಟ್ಟ ಮೇಲೂ ಉಳಿದರೆ ಆ ಒಂದನ್ನು ಬಯಾಪ್ಸಿಗೆ ಕಳುಹಿಸಬೇಕು.

ಬೆನ್ನಿನ ಮೇಲಿನ ಕಂದು ಗಂಟುಗಳು ಬಹುತೇಕ ಸೆಬೊರಿಕ್ ಕೆರಟೋಸಿಸ್ ಆಗಿರುತ್ತವೆ. ಅವು ನಿರುಪದ್ರವಿ. ಆದರೆ ಹತ್ತಾರು ಗಂಟುಗಳ ನಡುವೆ ಉಳಿದವುಗಳ ಹಾಗೆ ಇಲ್ಲದ ಒಂದೇ ಒಂದಿದ್ದರೆ ಅದರ ಮೇಲೆ ಡರ್ಮೋಸ್ಕೋಪ್, ಅಂದರೆ ಚರ್ಮವನ್ನು ದೊಡ್ಡದಾಗಿ ತೋರಿಸುವ ಬೆಳಕಿನ ಮಸೂರ, ಇಟ್ಟು ನೋಡಲೇಬೇಕು.

ಪ್ರತಿಕ್ರಿಯೆ: ವೃದ್ಧರ ಆರೈಕೆ ಕೇಂದ್ರದ ಶುಶ್ರೂಷಕಿ

ವೈದ್ಯರು ಹೇಳಿದ್ದನ್ನೆಲ್ಲ ನಾನು ಒಪ್ಪುತ್ತೇನೆ, ಆದರೆ ಗಡ್ಡೆಯನ್ನು ವೈದ್ಯರವರೆಗೆ ತಲುಪಿಸುವ ಕೆಲಸ ಸಾಮಾನ್ಯವಾಗಿ ಸ್ನಾನ ಮಾಡಿಸುವವರದು. ವಯಸ್ಸಾದವರಿಗೆ ಕಣ್ಣು ಮಂಜಾಗಿರುತ್ತದೆ, ಬೆನ್ನು ಕಾಣುವುದಿಲ್ಲ, ಮರೆವಿನ ಕಾಯಿಲೆ ಇರುವವರಿಗೆ ಹುಣ್ಣು ಯಾವಾಗ ಬಂತೆಂದು ಹೇಳಲಾಗದು. ಆದ್ದರಿಂದ ತಲೆ ಒರೆಸುವಾಗ ನೆತ್ತಿಯನ್ನು, ಅದರಲ್ಲೂ ಕೂದಲು ಉದುರಿದ ಜಾಗವನ್ನು, ಬೆರಳಿನಿಂದ ಸವರಿ ನೋಡಿ. ಕಿವಿಯ ಮೇಲಂಚು, ಕಿವಿಯ ಹಿಂದಿನ ಸಂದು, ಕನ್ನಡಕ ಕೂರುವ ಜಾಗ, ಕಣ್ಣಿನ ಒಳಮೂಲೆ, ಕೆಳತುಟಿ, ಕತ್ತಿನ ಹಿಂಭಾಗ, ಕೈಗಳ ಹಿಂಬದಿ, ಮೊಣಕಾಲಿನ ಕೆಳಗಿನ ಭಾಗ, ಇವನ್ನು ಬಿಡಬೇಡಿ. ಕನ್ನಡಕ ಒತ್ತಿ ಆದ ಹುಣ್ಣು ಎಂದು ತಿಂಗಳುಗಟ್ಟಲೆ ಬಿಟ್ಟ ಹುಣ್ಣು ಬೇರೆಯೇ ಆಗಿದ್ದುದನ್ನು ನಾನು ಕಂಡಿದ್ದೇನೆ. ಕೆಳತುಟಿಯಲ್ಲಿ ತುಟಿ ಮತ್ತು ಚರ್ಮ ಸೇರುವ ಗೆರೆ ಅಳಿಸಿಹೋಗಿ, ಸದಾ ಒಡೆದು ಸಿಪ್ಪೆ ಏಳುತ್ತಿದ್ದರೆ ಅದನ್ನೂ ತೋರಿಸಬೇಕು.

ಫೋಟೊ ತೆಗೆದಿಡುವುದಾದರೆ ಒಂದು ದೂರದಿಂದ, ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದಿನಾಂಕ ಬರೆದು ತೆಗೆಯಿರಿ. ನೋವಿಲ್ಲ ಎಂಬುದನ್ನು ಸಮಾಧಾನದ ಮಾತಾಗಿ ಎಂದೂ ತೆಗೆದುಕೊಳ್ಳಬೇಡಿ.

ಪ್ರತಿಕ್ರಿಯೆ: ಚಿಕಿತ್ಸೆ ಪಡೆದ ಓದುಗರೊಬ್ಬರು, ವಯಸ್ಸು 71

ನನ್ನ ಕಾಲಿನ ಮುಂಭಾಗದಲ್ಲಿ ನಾಣ್ಯದಷ್ಟು ಅಗಲದ ಕೆಂಪು, ಹೊಟ್ಟು ಏಳುವ ಕಲೆ ಬಹಳ ಕಾಲದಿಂದ ಇತ್ತು. ಮೊದಲು ಹುಳುಕಡ್ಡಿ ಎಂದು, ಆಮೇಲೆ ಇಸುಬು ಎಂದು ಮುಲಾಮು ಕೊಟ್ಟರು. ಸ್ಟಿರಾಯ್ಡ್ ಮುಲಾಮು ಹಚ್ಚಿದಾಗ ಕೆಂಪು ಸ್ವಲ್ಪ ತಗ್ಗುತ್ತಿತ್ತು, ಕಲೆ ಮಾತ್ರ ನಿಧಾನವಾಗಿ ಅಗಲವಾಗುತ್ತಲೇ ಇತ್ತು. ಕೊನೆಗೆ ಒಬ್ಬರು ಪಂಚ್ ಬಯಾಪ್ಸಿ, ಅಂದರೆ ದುಂಡನೆಯ ಸಣ್ಣ ಅಲಗಿನಿಂದ ಚರ್ಮದ ಚೂರು ತೆಗೆಯುವ ಪರೀಕ್ಷೆ, ಮಾಡಿದಾಗ ಬೋವೆನ್ ಕಾಯಿಲೆ ಎಂದು ತಿಳಿಯಿತು. ಚರ್ಮದ ಮೇಲ್ಪದರದಲ್ಲೇ ಇರುವ, ಇನ್ನೂ ಆಳಕ್ಕಿಳಿಯದ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಅದು. ಜಾನ್ ಬೋವೆನ್ 1912ರಲ್ಲಿ ವರ್ಣಿಸಿದ್ದರಿಂದ ಆ ಹೆಸರು ಎಂದು ವೈದ್ಯರು ಹೇಳಿದರು. ಒಂದೇ ಒಂದು ಕಲೆ ಇದ್ದು, ಅದು ಮುಲಾಮಿಗೆ ಬಗ್ಗದಿದ್ದರೆ, ಇನ್ನೊಂದು ಮುಲಾಮು ಕೊಡಿ ಎಂದು ಕೇಳುವ ಬದಲು ಬಯಾಪ್ಸಿ ಬೇಕೇ ಎಂದು ಕೇಳಿ.

ಪ್ರಶ್ನೆ: ಇನ್ನೊಬ್ಬ ಓದುಗರು

ಬಿಳಿಯ ಚರ್ಮದವರಿಗೆ ಬರುವ ಕಾಯಿಲೆ ಇದು, ಕಂದು ಅಥವಾ ಕಪ್ಪು ಚರ್ಮದವರು ಇಷ್ಟು ಯೋಚಿಸಬೇಕಾಗಿಲ್ಲ ಎಂದು ಕೇಳಿದ್ದೇನೆ. ಎಷ್ಟರಮಟ್ಟಿಗೆ ನಿಜ?

ಉತ್ತರ: ಚರ್ಮರೋಗ ತಜ್ಞೆ

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವವರಲ್ಲಿ ಇವು ಬಹಳ ಕಡಿಮೆ ಎಂಬುದು ನಿಜ. ಆದರೆ ಕಡಿಮೆ ಎಂಬ ಕಾರಣಕ್ಕೇ ಅನುಮಾನ ಬರುವುದು ತಡವಾಗುತ್ತದೆ, ರೋಗ ಬೆಳೆದ ಮೇಲೆ ಪತ್ತೆಯಾಗುತ್ತದೆ. ಕಂದು ಚರ್ಮದಲ್ಲಿ ಬೇಸಲ್ ಸೆಲ್ ಕಾರ್ಸಿನೋಮಕ್ಕೆ ಹೆಚ್ಚಾಗಿ ಕಪ್ಪು ಅಥವಾ ನೀಲಿಗಪ್ಪು ಬಣ್ಣವಿರುತ್ತದೆ, ಹಾಗಾಗಿ ಹುಟ್ಟುಮಚ್ಚೆಯೆಂದೋ ಸೆಬೊರಿಕ್ ಕೆರಟೋಸಿಸ್ ಎಂದೋ ಬಿಟ್ಟುಬಿಡುತ್ತಾರೆ. ಡರ್ಮೋಸ್ಕೋಪಿನಲ್ಲಿ ನೀಲಿ-ಬೂದು ಬಣ್ಣದ ಅಂಡಾಕಾರದ ಗೂಡುಗಳು, ಎಲೆಯಾಕಾರದ ಅಂಚು, ಕೊಂಬೆಕೊಂಬೆಯಾಗಿ ಒಡೆದ ರಕ್ತನಾಳಗಳು ಕಂಡರೆ ಗುರುತು ಹಿಡಿಯಬಹುದು. ಸ್ಕ್ವಾಮಸ್ ಸೆಲ್ ಕಾರ್ಸಿನೋಮವಂತೂ ಗಾಢ ಬಣ್ಣದ ಚರ್ಮದವರಲ್ಲಿ ಬಿಸಿಲು ಬೀಳದ ಜಾಗದಲ್ಲಿ, ಸುಟ್ಟಗಾಯದ ಹಳೆಯ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣಿನಲ್ಲಿ ಹುಟ್ಟುವುದು ಹೆಚ್ಚು. ಹಳೆಯ ಹುಣ್ಣಿನ ಅಂಚು ಉಬ್ಬಿದರೆ, ವಾಸನೆ ಅಥವಾ ನೋವು ಹೊಸದಾಗಿ ಕಾಣಿಸಿಕೊಂಡರೆ, ಅಂಚಿನ ಒಂದಕ್ಕಿಂತ ಹೆಚ್ಚು ಕಡೆಯಿಂದ ತುಂಡು ತೆಗೆದು ಪರೀಕ್ಷಿಸಬೇಕು. ಅಂಗೈ, ಅಂಗಾಲು, ಉಗುರಿನಡಿ ಬರುವ ಮೆಲನೋಮಕ್ಕೂ (ಬಣ್ಣದ ಕೋಶಗಳ ಕ್ಯಾನ್ಸರ್) ಬಿಸಿಲಿಗೂ ನಂಟಿಲ್ಲ, ಆದರೆ ಇಡೀ ಮೈ ಪರೀಕ್ಷಿಸುವಾಗ ಅವನ್ನು ನೋಡದೆ ಬಿಡುವಂತಿಲ್ಲ.

ಬಿಸಿಲಿನ ಜೊತೆಗೆ ಕೇಳಲೇಬೇಕಾದ ಇನ್ನೂ ಕೆಲವು ವಿಷಯಗಳಿವೆ. ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮದ ಅಪಾಯ ಹತ್ತಾರು ಪಟ್ಟು ಹೆಚ್ಚು, ಅದು ವೇಗವಾಗಿಯೂ ಬೆಳೆಯುತ್ತದೆ. ರಕ್ತದೊತ್ತಡಕ್ಕೆ ಬಳಸುವ ಹೈಡ್ರೋಕ್ಲೋರೋಥಯಝೈಡ್ ಮಾತ್ರೆಯನ್ನು ದೀರ್ಘಕಾಲ ಸೇವಿಸಿದವರಲ್ಲೂ ಅಪಾಯ ಹೆಚ್ಚುತ್ತದೆಂದು 2018ರಲ್ಲಿ ಐರೋಪ್ಯ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ಮಾತ್ರೆಯನ್ನು ನಿಲ್ಲಿಸುವ ಅಥವಾ ಬದಲಿಸುವ ನಿರ್ಧಾರ ಮಾತ್ರ ವೈದ್ಯರೊಂದಿಗೆ ಮಾತಾಡಿಯೇ ಆಗಬೇಕು. ಆರ್ಸೆನಿಕ್ ಬೆರೆತ ನೀರನ್ನು ಬಹುಕಾಲ ಕುಡಿದವರಲ್ಲಿ ಅಂಗೈ ಅಂಗಾಲುಗಳಲ್ಲಿ ಗಟ್ಟಿ ಚುಕ್ಕೆಗಳೂ ಮೈಮೇಲೆ ಬೋವೆನ್ ಕಲೆಗಳೂ ಕಾಣಿಸಿಕೊಳ್ಳಬಹುದು.

ಪ್ರತಿಕ್ರಿಯೆ: ಪೆಥಾಲಜಿ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯರು

ಬಯಾಪ್ಸಿ ಮಾಡಿದರೆ ಸಾಕು, ಉತ್ತರ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಈ ಚರ್ಚೆಯಲ್ಲಿ ಬೆಳೆಯುತ್ತಿರುವಂತೆ ಕಾಣುತ್ತದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಸೂಕ್ಷ್ಮದರ್ಶಕದಡಿ ನಮಗೆ ಕಾಣುವುದು ಕಳುಹಿಸಿದ ತುಂಡು ಮಾತ್ರ. ತುಂಡಿನಲ್ಲಿ ಇಲ್ಲದ್ದನ್ನು ನಾವು ಓದಲಾರೆವು. ದಪ್ಪಗಿನ ಗಡ್ಡೆಯ ಮೇಲ್ಪದರವನ್ನಷ್ಟೇ ತೆಳುವಾಗಿ ಹೆರೆದು ಕಳುಹಿಸಿದರೆ ಕೆರಟಿನ್ (ಚರ್ಮದ ಗಟ್ಟಿ ಹೊರಪದರದ ವಸ್ತು) ಸಿಗುತ್ತದೆ, ಅಸಹಜ ಕೋಶಗಳು ಸಿಗುತ್ತವೆ, ಆದರೆ ಅವು ಒಳಪದರವನ್ನು ಹೊಕ್ಕಿವೆಯೇ ಎಂಬ ಮುಖ್ಯ ಪ್ರಶ್ನೆಗೆ ಉತ್ತರವಿರುವುದಿಲ್ಲ. ಚರ್ಮದ ಮೇಲೆ ಕೊಂಬಿನಂತೆ ಬೆಳೆಯುವ ಗಂಟಿನಲ್ಲಿ ಕೊಂಬಿಗಿಂತ ಅದರ ಬುಡ ಮುಖ್ಯ, ಏಕೆಂದರೆ ಬುಡದಲ್ಲಿ ಸಾಮಾನ್ಯ ನರುಲಿ ಇರಬಹುದು, ಆಕ್ಟಿನಿಕ್ ಕೆರಟೋಸಿಸ್ ಇರಬಹುದು, ಕ್ಯಾನ್ಸರೂ ಇರಬಹುದು. ಕೆಲವೇ ವಾರಗಳಲ್ಲಿ ಬೆಳೆದು ನಡುವೆ ಕುಳಿಬಿದ್ದು ಕೆರಟಿನ್ ತುಂಬಿಕೊಳ್ಳುವ ಕೆರಟೋಅಕ್ಯಾಂತೋಮ ಎಂಬ ಗಂಟು ಕೆಲವೊಮ್ಮೆ ತಾನಾಗಿ ಕರಗುತ್ತದೆ ಎಂಬುದು ದಿಟ. ಆದರೆ ಅದನ್ನು ಸ್ಕ್ವಾಮಸ್ ಸೆಲ್ ಕಾರ್ಸಿನೋಮದಿಂದ ಬೇರ್ಪಡಿಸಲು ಅದರ ಇಡೀ ಆಕಾರ ಬೇಕು, ಅಂಚಿನ ಚೂರು ಸಾಲದು. ಅದಕ್ಕಾಗಿಯೇ ಸಾಧ್ಯವಾದರೆ ಪೂರ್ತಿ ತೆಗೆದು ಕಳುಹಿಸಿ ಎನ್ನುತ್ತೇವೆ.

ವಯಸ್ಸಾದವರ ಮುಖದ ಮೇಲೆ ವರ್ಷಗಟ್ಟಲೆ ನಿಧಾನವಾಗಿ ಹರಡುವ ಕಂದು ಕಲೆ, ಅಂದರೆ ಲೆಂಟಿಗೋ ಮಲಿಗ್ನ, ಇನ್ನೂ ಕಷ್ಟದ್ದು. ಮೆಲನೋಮದ ಆರಂಭದ ಹಂತ ಅದು. ಒಂದೇ ಕಲೆಯ ಒಂದು ಭಾಗದಲ್ಲಿ ನಿರುಪದ್ರವಿ ಬಿಸಿಲಚುಕ್ಕೆ, ಪಕ್ಕದಲ್ಲೇ ಮೆಲನೋಮ ಇರಬಹುದಾದ್ದರಿಂದ ಸಣ್ಣದೊಂದು ಪಂಚ್ ಬಯಾಪ್ಸಿ ತಪ್ಪು ಭಾಗಕ್ಕೆ ಬಿದ್ದರೆ ವರದಿ ಸುಳ್ಳು ಭರವಸೆ ಕೊಡುತ್ತದೆ. ಡರ್ಮೋಸ್ಕೋಪಿನಲ್ಲಿ ಅತಿ ಗಾಢವಾಗಿ, ಕೂದಲ ರಂಧ್ರಗಳ ಸುತ್ತ ಬಣ್ಣ ಒಂದೇ ಸಮನಾಗಿರದೆ ಕಾಣುವ ಜಾಗವನ್ನು ಆರಿಸಿ, ಅಗತ್ಯವಿದ್ದರೆ ಎರಡು ಮೂರು ಕಡೆಯಿಂದ ತೆಗೆಯಬೇಕು. ಮೈಯ ಬೇರೆ ಕಡೆಯ ಸಣ್ಣ ಮಚ್ಚೆಯ ಮೇಲೆ ಮೆಲನೋಮದ ಅನುಮಾನವಿದ್ದರೆ ಸುತ್ತ 1ರಿಂದ 3 ಮಿಲಿಮೀಟರ್ ಚರ್ಮ ಸೇರಿಸಿ ಪೂರ್ತಿ ತೆಗೆಯುವುದೇ ಉತ್ತಮ. 1970ರಲ್ಲಿ ಪೆಥಾಲಜಿ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ ತೋರಿಸಿಕೊಟ್ಟಂತೆ ಮುಂದಿನ ಗತಿಯನ್ನು ನಿರ್ಧರಿಸುವುದು ಗಡ್ಡೆಯ ದಪ್ಪ; ಅರ್ಧಕ್ಕೆ ಕತ್ತರಿಸಿದ ತುಂಡಿನಲ್ಲಿ ಆ ಅಳತೆ ಸಿಗುವುದಿಲ್ಲ.

ನಮ್ಮ ಕೈಗೆ ಬರುವ ಕೋರಿಕೆ ಪತ್ರಗಳಲ್ಲಿ ಎಷ್ಟೋ ಬಾರಿ ಚರ್ಮದ ತುಂಡು ಎಂದಷ್ಟೇ ಬರೆದಿರುತ್ತದೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ವಯಸ್ಸು, ಜಾಗ, ಎಷ್ಟು ಕಾಲದಿಂದ ಇದೆ, ಎಷ್ಟು ದೊಡ್ಡದು, ಮೊದಲು ಏನಾದರೂ ಹಚ್ಚಿದ್ದಾರೆಯೇ, ಹಿಂದೆ ಅಲ್ಲೇ ಬಯಾಪ್ಸಿ ಆಗಿತ್ತೇ, ವೈದ್ಯರ ಅನುಮಾನ ಏನು, ಇವನ್ನು ಬರೆದು ಕಳುಹಿಸಿದರೆ ವರದಿಯ ಗುಣಮಟ್ಟವೇ ಬೇರೆಯಾಗುತ್ತದೆ. ವರದಿಯಲ್ಲಿ ಬರೆದದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ಹೊಂದಿಕೆಯಾಗದಿದ್ದರೆ ವರದಿಯನ್ನೇ ಕೊನೆಯ ಮಾತೆಂದು ತಿಳಿಯದೆ ಇನ್ನೊಮ್ಮೆ ಬಯಾಪ್ಸಿ ಮಾಡಬೇಕು. ನಿಮ್ಮ ಕಡೆಯಿಂದ ಮಾಡಬೇಕಾದ ಒಂದು ಕೆಲಸವಿದೆ: ಬಯಾಪ್ಸಿಗೆ ಮುನ್ನ ಆ ಜಾಗದ ಫೋಟೊ ತೆಗೆಸಿ. ಸಣ್ಣ ಗಾಯ ಬೇಗ ಮಾಯುತ್ತದೆ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಹತ್ತಾರು ಕಲೆಗಳಿರುವ ಮುಖದಲ್ಲಿ ಜಾಗ ಯಾವುದೆಂದು ರೋಗಿಗೂ ವೈದ್ಯರಿಗೂ ಗೊಂದಲವಾಗುವುದು ಅಪರೂಪವಲ್ಲ.

ಪ್ರಶ್ನೆ: ತಂದೆಯ ಆರೈಕೆ ಮಾಡುತ್ತಿರುವ ಮಗಳು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಬಯಾಪ್ಸಿಗೆ ಮೊದಲು ನಿಲ್ಲಿಸಬೇಕೇ? ಫೋನಿನಲ್ಲಿ ಫೋಟೊ ಹಾಕಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವ ಆ್ಯಪ್‌ಗಳಿವೆಯಂತೆ, ಅವುಗಳಿಂದ ಪ್ರಯೋಜನವಿದೆಯೇ?

ಉತ್ತರ: ಚರ್ಮರೋಗ ತಜ್ಞೆ

ಮಾತ್ರೆಯನ್ನು ನೀವಾಗಿ ದಯವಿಟ್ಟು ನಿಲ್ಲಿಸಬೇಡಿ. ಚರ್ಮದ ಸಣ್ಣ ಬಯಾಪ್ಸಿಯಲ್ಲಿ ಬರುವ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ಅಥವಾ ಸುಟ್ಟು ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿದ್ದರಿಂದ ಪಾರ್ಶ್ವವಾಯು ಆದರೆ ಅದಕ್ಕೆ ಪರಿಹಾರ ಅಷ್ಟು ಸುಲಭವಲ್ಲ. ಹಾಗಾಗಿ ಸಾಮಾನ್ಯವಾಗಿ ಮಾತ್ರೆಯನ್ನು ಮುಂದುವರಿಸಿಯೇ ಬಯಾಪ್ಸಿ ಮಾಡುತ್ತೇವೆ. ಯಾವ ಮಾತ್ರೆ, ಎಷ್ಟು ಪ್ರಮಾಣ ಎಂಬ ಚೀಟಿಯನ್ನು ತೆಗೆದುಕೊಂಡು ಹೋಗಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಏಕೆಂದರೆ ವಿದ್ಯುತ್ತಿನಿಂದ ಸುಡುವ ಉಪಕರಣವನ್ನು ಬಳಸುವ ರೀತಿ ಬದಲಾಗುತ್ತದೆ. ಬಯಾಪ್ಸಿ ಮಾಡುವುದರಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯವೂ ಬೇಡ.

ಆ್ಯಪ್‌ಗಳನ್ನು ನಂಬಿ ವೈದ್ಯರ ಬಳಿ ಹೋಗದೇ ಇರುವುದು ಅಪಾಯ. ಅವುಗಳಿಗೆ ಕಲಿಸಲು ಬಳಸಿದ ಚಿತ್ರಗಳಲ್ಲಿ ಗಾಢ ಬಣ್ಣದ ಚರ್ಮ ಬಹಳ ಕಡಿಮೆ, ಫೋನಿಗೆ ಮುಟ್ಟಿ ನೋಡಲು ಬರುವುದಿಲ್ಲ, ಕತ್ತಿನ ದುಗ್ಧಗ್ರಂಥಿ (ಲಿಂಫ್ ಗ್ರಂಥಿ) ಊದಿದೆಯೇ ಎಂದು ಪರೀಕ್ಷಿಸಲು ಬರುವುದಿಲ್ಲ, ಮತ್ತು ನೀವು ತೋರಿಸದ ಜಾಗವನ್ನು ಅದು ನೋಡುವುದಿಲ್ಲ. ರೋಗಿ ತೋರಿಸಿದ ಕಲೆ ನಿರುಪದ್ರವಿಯಾಗಿದ್ದು, ಬಟ್ಟೆ ತೆಗೆಸಿ ನೋಡಿದಾಗ ಬೇರೆಡೆ ಕ್ಯಾನ್ಸರ್ ಸಿಗುವುದು ನಮಗೆ ಹೊಸದಲ್ಲ.

ಪ್ರತಿಕ್ರಿಯೆ: ವೃದ್ಧರ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು

ಇಲ್ಲಿಯವರೆಗಿನ ಮಾತುಗಳಿಗೆ ನಾನು ಇನ್ನೊಂದು ಬದಿಯನ್ನು ಸೇರಿಸಬೇಕು. ಹಾಸಿಗೆ ಹಿಡಿದ, ಹೃದಯ ಮತ್ತು ಮೂತ್ರಪಿಂಡ ಎರಡೂ ಸೋತಿರುವ 92 ವರ್ಷದವರ ಬೆನ್ನಿನ ಮೇಲೆ ಏನೂ ತೊಂದರೆ ಕೊಡದ, ತೆಳುವಾದ ಬೇಸಲ್ ಸೆಲ್ ಕಾರ್ಸಿನೋಮ ಕಂಡರೆ ಅದನ್ನು ಕತ್ತರಿಸಿ ಅವರಿಗೆ ಏನು ಒಳ್ಳೆಯದಾಗುತ್ತದೆ? ಅದು ತೊಂದರೆ ಕೊಡುವಷ್ಟು ಬೆಳೆಯಲು ವರ್ಷಗಳು ಬೇಕು. ಗಾಯ ಮಾಯದಿರುವುದು, ಸೋಂಕು, ಆಸ್ಪತ್ರೆಗೆ ಓಡಾಟ, ಇವೆಲ್ಲ ಈಗಲೇ ಅನುಭವಿಸಬೇಕಾದ ಕಷ್ಟಗಳು. ಅಂಥವರಲ್ಲಿ ಡರ್ಮೋಸ್ಕೋಪಿನಿಂದ ನೋಡಿ, ಅಳತೆ ಬರೆದಿಟ್ಟು, ಮನೆಯವರೊಂದಿಗೆ ಮಾತಾಡಿ, ಕೆಲವು ತಿಂಗಳಿಗೊಮ್ಮೆ ಗಮನಿಸುವುದು ಗೌರವಯುತವಾದ ದಾರಿಯೇ. ರೋಗಿಯ ಇಚ್ಛೆಯೇನೆಂದು ಅವರನ್ನೇ ಕೇಳಬೇಕು. ಮಕ್ಕಳ ಆತಂಕಕ್ಕಾಗಿ ತಂದೆತಾಯಿಯರ ಮೇಲೆ ಚಾಕು ಆಡಿಸುವುದನ್ನು ನಾನು ಒಪ್ಪಲಾರೆ.

ಉತ್ತರ: ಚರ್ಮರೋಗ ತಜ್ಞೆ

ಒಪ್ಪುತ್ತೇನೆ, ಆದರೆ ಒಂದು ಷರತ್ತಿನೊಂದಿಗೆ. ಕಾಯುವ ನಿರ್ಧಾರಕ್ಕೂ ಮೊದಲು ಅದು ಯಾವ ಗಡ್ಡೆ ಎಂಬುದು ಸಾಕಷ್ಟು ಖಚಿತವಾಗಿರಬೇಕು. ಕಿವಿ ಅಥವಾ ತುಟಿಯ ಮೇಲಿನ, ವಾರವಾರಕ್ಕೂ ಬೆಳೆಯುತ್ತಿರುವ, ನೋವಿರುವ ಗಂಟನ್ನು ವಯಸ್ಸಿನ ಹೆಸರಿನಲ್ಲಿ ಬಿಡಲಾಗದು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ 2 ಸೆಂಟಿಮೀಟರಿಗಿಂತ ಅಗಲವಾಗಿದ್ದರೆ, 6 ಮಿಲಿಮೀಟರಿಗಿಂತ ಆಳಕ್ಕಿಳಿದಿದ್ದರೆ, ನರವನ್ನು ಹೊಕ್ಕಿದ್ದರೆ ದುಗ್ಧಗ್ರಂಥಿಗಳಿಗೆ ಹರಡುವ ಸಂಭವ ಹೆಚ್ಚು. ಗಡ್ಡೆಯ ಸುತ್ತ ಜೋಮು ಹಿಡಿಯುವುದು, ಇರುವೆ ಹರಿದಂತಾಗುವುದು, ಮುಖದ ಒಂದು ಭಾಗ ದುರ್ಬಲವಾಗುವುದು ನರಕ್ಕೆ ತಗುಲಿದ್ದರ ಸೂಚನೆಗಳು. ಮರ್ಕೆಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಇನ್ನೂ ಅಪಾಯಕಾರಿ: ವಯಸ್ಸಾದವರ ಬಿಸಿಲು ಬಿದ್ದ ಚರ್ಮದ ಮೇಲೆ, ನೋವಿಲ್ಲದೆ, ಕೆಂಪು ಅಥವಾ ನೇರಳೆ ಗಂಟಾಗಿ ಕೆಲವೇ ವಾರಗಳಲ್ಲಿ ದೊಡ್ಡದಾಗುತ್ತದೆ, ನೋಡಿದವರು ನೀರುಗುಳ್ಳೆಯೆಂದೋ ಕೊಬ್ಬಿನ ಗಂಟೆಂದೋ ತಿಳಿಯುತ್ತಾರೆ. ನೆತ್ತಿಯ ಮೇಲೆ ಏಟು ಬಿದ್ದ ನೆನಪಿಲ್ಲದೆ ಕಾಣಿಸಿಕೊಂಡು, ಮಾಯದೆ ಹರಡುತ್ತಲೇ ಹೋಗುವ ಕಂದಿದ ಕಲೆ ರಕ್ತನಾಳದ ಕ್ಯಾನ್ಸರ್ ಆಗಿರಬಹುದು. ರೆಪ್ಪೆಯ ಮೇಲೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಕುರುವನ್ನೂ ಬಯಾಪ್ಸಿ ಇಲ್ಲದೆ ಬಿಡಬಾರದು. ಈ ನಾಲ್ಕರಲ್ಲಿ 92 ವರ್ಷದವರಿಗೂ ರೋಗ ಯಾವುದೆಂದು ತಿಳಿಯುವ ಹಕ್ಕಿದೆ. ಆಮೇಲೆ ಚಿಕಿತ್ಸೆ ಎಷ್ಟು ಎಂಬುದನ್ನು ಅವರ ಶಕ್ತಿ ನೋಡಿ ನಿರ್ಧರಿಸೋಣ.

ಪ್ರಶ್ನೆ: ಚಿಕಿತ್ಸೆ ಪಡೆದ ಓದುಗರೊಬ್ಬರು, ವಯಸ್ಸು 71

ಒಮ್ಮೆ ತೆಗೆಸಿದ ಮೇಲೆ ಎಷ್ಟು ಕಾಲ ತಪಾಸಣೆ ಬೇಕು?

ಉತ್ತರ: ಚರ್ಮರೋಗ ತಜ್ಞೆ

ಆಳಕ್ಕಿಳಿದ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ, ಆದ್ದರಿಂದ ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಹಳೆಯ ಗಾಯದ ಗುರುತನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ಮುಟ್ಟಿ ಪರೀಕ್ಷಿಸುತ್ತೇವೆ. ಆಮೇಲೆ ಅಂತರ ಹೆಚ್ಚಿಸಬಹುದು. ನಿಮ್ಮದು ಬೋವೆನ್ ಕಾಯಿಲೆಯಾಗಿದ್ದು, ಚಿಕಿತ್ಸೆಯ ನಂತರ ಆ ಜಾಗ ಪೂರ್ತಿ ವಾಸಿಯಾಗಿದ್ದರೆ ಇಷ್ಟು ಸಲ ಬರಬೇಕಾಗಿಲ್ಲ. ಆದರೆ ಬಿಸಿಲಿನಿಂದ ಒಂದು ಗಡ್ಡೆ ಬಂದವರಿಗೆ ಬೇರೊಂದು ಜಾಗದಲ್ಲಿ ಹೊಸದು ಬರುವ ಸಂಭವ ಸಾಕಷ್ಟು ಹೆಚ್ಚಿರುವುದರಿಂದ ವರ್ಷಕ್ಕೊಮ್ಮೆ ನೆತ್ತಿಯಿಂದ ಅಂಗಾಲಿನವರೆಗೆ ಇಡೀ ಮೈಯನ್ನು ತೋರಿಸಿಕೊಳ್ಳಿ. ಮೊದಲ ಬಯಾಪ್ಸಿಯ ವರದಿಯ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ಹಳೆಯ ಗುರುತಿನ ಮೇಲೆ ಏನಾದರೂ ಕಂಡಾಗ ಹೊಸ ತುಂಡನ್ನು ಹೋಲಿಸಿ ನೋಡಲು ಪೆಥಾಲಜಿಯವರು ಮೊದಲು ಕೇಳುವುದು ಅದನ್ನೇ.